ಬಹಳ ಓಡಿದ ಕಾರು ಮತ್ತು ಹೇಳದೆ ಉಳಿದ ಮಾತು

ಒಂದೂವರೆ ಲಕ್ಷ ಮೈಲಿ ಓಡಿದ, ಮೂವತ್ತು ವರ್ಷ ಹಳೆಯದಾದ, ಮೇಲಿನ ಹೊದಿಕೆಯನ್ನು ಮಡಿಚಿ ಹಿಂದಕ್ಕೆ ಸರಿಸಬಹುದಾದ ಎರಡೇ ಆಸನಗಳ ಸ್ಪೋರ್ಟ್ಸ್ ಕಾರೊಂದು ಅಮೆರಿಕದ ಯಾವುದೋ ಊರಿನಲ್ಲಿ ಮಾರಾಟಕ್ಕಿದೆ ಎಂದಿಟ್ಟುಕೊಳ್ಳಬಹುದು. ಕೊಳ್ಳಬಯಸುವವನು ಕೇಳುವ ಪ್ರಶ್ನೆ ಒಂದೇ: ಇದನ್ನು ನಂಬಬಹುದೇ? ಪ್ರಶ್ನೆ ಯಂತ್ರವನ್ನು ಕುರಿತದ್ದೆಂದೇ ಕೇಳುವವನೂ ಉತ್ತರಿಸುವವನೂ ಭಾವಿಸುತ್ತಾರೆ. ತುಸು ವಿಚಾರ ಮಾಡಿದರೆ ಆ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿರುವುದು ಗೋಚರಿಸುತ್ತದೆ. ಈ ಯಂತ್ರ ನಾಳೆಯೂ ಓಡೀತೇ ಎಂಬುದು ಒಂದು. ಇದನ್ನು ಮಾರುವವನು ತನಗೆ ತಿಳಿದದ್ದನ್ನು ಹೇಳಿರುವನೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಒಬ್ಬ ಒಳ್ಳೆಯ ಮೆಕ್ಯಾನಿಕ್ ಬಹುಮಟ್ಟಿಗೆ ಉತ್ತರ ಕೊಡಬಲ್ಲ. ಎರಡನೆಯದು ನೀತಿವಿಚಾರಕ್ಕೆ ಸೇರಿದ್ದು.

ಮೋಜಿಗಾಗಿ ಇರುವ ಇಂಥ ವಾಹನದ ಚರ್ಚೆ ಅಣುವ್ರತಗಳ ವಿಚಾರ ಮಾಡುವವರಿಗೆ ಏಕೆ ಬೇಕೆಂದು ಕೆಲವರಿಗೆ ಅನ್ನಿಸಬಹುದು. ಪರಿಗ್ರಹದ ದೃಷ್ಟಿಯಿಂದ ಅದು ಬೇಕೇ ಎಂದು ಕೇಳುವುದು ನ್ಯಾಯವೇ. ಬೇಡವೆಂದವನಿಗೆ ಸಮಸ್ಯೆಯೇ ಇಲ್ಲವಾದ್ದರಿಂದ ಅದನ್ನು ಬದಿಗಿಡಬಹುದು. ಮಾರುವವನಿಗೆ ಎಲ್ಲವೂ ತಿಳಿದಿದ್ದು ಕೊಳ್ಳುವವನಿಗೆ ಏನೂ ತಿಳಿಯದ ವಸ್ತುವಿಗೆ ಹಳೆಯ ಕಾರಿಗಿಂತ ಸ್ಪಷ್ಟವಾದ ಉದಾಹರಣೆ ಇಂದಿನ ಪೇಟೆಯಲ್ಲಿ ಸಿಗುವುದು ಕಷ್ಟ. ಸಮಾಜದ ಅನೇಕ ಮನೆತನಗಳು ಅಂಗಡಿ, ದಲಾಲಿ, ದಾಸ್ತಾನುಗಳ ವ್ಯವಹಾರದಲ್ಲಿಯೇ ಬದುಕು ಕಟ್ಟಿಕೊಂಡಿವೆ. ವಸ್ತು ಬೇರೆಯಾದರೂ ಅಲ್ಲಿ ಏಳುವ ಪ್ರಶ್ನೆ ಅವರಿಗೆ ಹೊಸದಲ್ಲ.

ಮೊದಲು ಯಂತ್ರದ ಮಾತು. ಈ ಬಗೆಯ ಕಾರುಗಳಲ್ಲಿ ಲೋಕಪ್ರಸಿದ್ಧವಾದುದು ಜಪಾನಿನ ಮಾಜ್ದಾ ಸಂಸ್ಥೆ 1989ರ ಫೆಬ್ರವರಿಯಲ್ಲಿ ಶಿಕಾಗೋ ವಾಹನ ಪ್ರದರ್ಶನದಲ್ಲಿ ಮೊದಲು ತೋರಿಸಿದ ಮಿಯಾಟಾ. 2016ರಲ್ಲಿ ಅದರ ಹತ್ತು ಲಕ್ಷದ ಕಾರು ಹೊರಬಂದಿತು. ಎರಡು ಆಸನಗಳ ತೆರೆದ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಮತ್ತೊಂದಿಲ್ಲ. ಅದರ ಮೊದಲ ತಲೆಮಾರಿನ ಕಾರುಗಳು 1997ರವರೆಗೆ ತಯಾರಾದವು. ಅವುಗಳ ಎಂಜಿನ್ನಿನಲ್ಲಿ ರಬ್ಬರಿನ ಟೈಮಿಂಗ್ ಬೆಲ್ಟ್ ಇದೆ. ಅಮೆರಿಕದಲ್ಲಿ ಅದನ್ನು 60,000 ಮೈಲಿಗೊಮ್ಮೆ ಬದಲಿಸಬೇಕೆಂಬ ಸೂಚನೆ ಇತ್ತು. ಒಂದೂವರೆ ಲಕ್ಷ ಮೈಲಿ ಓಡಿದ ಕಾರಿನಲ್ಲಿ ಅದು ಎರಡು ಬಾರಿ ಬದಲಾಗಿರಬೇಕು. ಬೆಲ್ಟ್ ದಾರಿಯಲ್ಲಿ ಹರಿದರೆ ಕಾರು ನಿಲ್ಲುತ್ತದೆ. ಆದರೆ ಈ ಎಂಜಿನ್ನಿನಲ್ಲಿ ವಾಲ್ವ್‌ಗಳು ಪಿಸ್ಟನ್‌ಗಳಿಗೆ ಬಡಿದು ಮುರಿಯುವ ಭಯವಿಲ್ಲ. ಕ್ಲಚ್ಚಿನ ಕೆಳಗಿನ ಸಿಲಿಂಡರ್ ಸೋರುವುದು, ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದೊಡನೆ ಟಕಟಕ ಸದ್ದು ಬರುವುದು ಇವೆಲ್ಲ ಇದ್ದದ್ದೇ. ಅಷ್ಟಕ್ಕೆ ಯಾರೂ ಹೆದರಬೇಕಿಲ್ಲ.

ಹೆದರಬೇಕಾದದ್ದು ಬೇರೆ ಕಡೆ ಇದೆ. ಆಸನಗಳ ಹಿಂದೆ, ಕ್ಯಾನ್ವಾಸ್ ಹೊದಿಕೆಯ ಬುಡದಲ್ಲಿ, ಮಳೆನೀರು ಹರಿದುಹೋಗಲು ಎಡಬಲಗಳಲ್ಲಿ ಒಂದೊಂದು ಕೊಳವೆ ಉಂಟು. ವರ್ಷಗಟ್ಟಲೆ ಮರದಡಿ ನಿಂತ ಕಾರಿನಲ್ಲಿ ಎಲೆ, ಧೂಳು ಸೇರಿ ಆ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಆಗ ನೀರು ಬಾಗಿಲ ಕೆಳಗಿನ ಪೊಳ್ಳು ತಗಡಿನೊಳಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಹಿಂದಿನ ಚಕ್ರದ ಮುಂಭಾಗದಲ್ಲಿ ಬಣ್ಣ ಉಬ್ಬಿ ಗುಳ್ಳೆಯಂತೆ ಕಾಣುವ ಹೊತ್ತಿಗೆ ಒಳಗಿನ ತಗಡು ತಿಂದುಹೋಗಿರುತ್ತದೆ. ತೆರೆದ ಕಾರಿಗೆ ಮೇಲೆ ಉಕ್ಕಿನ ಛಾವಣಿಯಿಲ್ಲವಾದ್ದರಿಂದ ಅದರ ದೇಹದ ಬಲವೆಲ್ಲ ಈ ಕೆಳಗಿನ ತೊಲೆಗಳಲ್ಲಿಯೇ ಇರುತ್ತದೆ. ಮನೆಗೆ ಅಡಿಪಾಯ ಹೇಗೋ ಹಾಗೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ಓಡಿದ ಕಾರು, ಒಣ ಹವೆಯ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಓಡಿದ ಕಾರಿಗಿಂತ ಮೈಲಿ ಕಡಿಮೆಯಿದ್ದರೂ ಹೆಚ್ಚು ಸವೆದಿರಬಹುದು.

ಹೀಗಿರಲಾಗಿ ಬಹಳ ಓಡಿದೆ ಎಂಬುದೊಂದೇ ದೋಷವಲ್ಲ. ಓಡದೆ ನಿಂತ ಕಾರಿನಲ್ಲಿ ರಬ್ಬರಿನ ಸೀಲುಗಳು ಒಣಗಿ ಬಿರಿಯುತ್ತವೆ, ಟೈರುಗಳು ಗಡುಸಾಗುತ್ತವೆ, ಬ್ರೇಕಿನ ಎಣ್ಣೆ ತೇವವನ್ನು ಹೀರಿಕೊಳ್ಳುತ್ತದೆ, ಹೊದಿಕೆಯ ಪ್ಲಾಸ್ಟಿಕ್ ಕಿಟಕಿ ಮಸುಕಾಗಿ ಸೀಳುತ್ತದೆ. ಕ್ರಮವಾಗಿ ಎಣ್ಣೆ ಬದಲಿಸಿ, ರಸೀದಿಗಳನ್ನು ಒಂದು ಕಡತದಲ್ಲಿ ಜೋಡಿಸಿಟ್ಟು, ದಿನವೂ ಓಡಿಸಿದ ಒಂದೂವರೆ ಲಕ್ಷ ಮೈಲಿಯ ಕಾರು, ಹದಿನೈದು ವರ್ಷ ಷೆಡ್ಡಿನಲ್ಲಿ ಮಲಗಿದ ನಲವತ್ತು ಸಾವಿರ ಮೈಲಿಯ ಕಾರಿಗಿಂತ ಎಷ್ಟೋ ಸಲ ಉತ್ತಮವಾಗಿರುತ್ತದೆ. ಪೇಟೆಯಲ್ಲಿ ಬೆಲೆ ಮಾತ್ರ ಎರಡನೆಯದಕ್ಕೇ ಹೆಚ್ಚು. ಅಂಕಿಯೊಂದು ಕಣ್ಣಿಗೆ ಬಿದ್ದೊಡನೆ ವಿವೇಕ ಹಿಂದೆ ಸರಿಯುವುದು ಕಾರಿನ ಪೇಟೆಯಲ್ಲಿ ಮಾತ್ರ ಕಾಣುವ ಸಂಗತಿಯಲ್ಲ.

ಅಂಕಿಯ ಮೇಲೆ ಜನರಿಗೆ ಇಷ್ಟು ಭಕ್ತಿ ಇರುವುದರಿಂದಲೇ ಅಂಕಿಯನ್ನು ತಿದ್ದುವ ಕಸುಬೂ ಬೆಳೆಯಿತು. ಓಡೋಮೀಟರಿನ ಗಾಲಿಗಳನ್ನು ಹಿಂದಕ್ಕೆ ತಿರುಗಿಸುವುದನ್ನು ಅಮೆರಿಕದ ಕೇಂದ್ರ ಸರ್ಕಾರ 1972ರ ಕಾನೂನಿನಿಂದ ಅಪರಾಧವೆಂದು ಸಾರಿತು. 1986ರಲ್ಲಿ ಮತ್ತೊಂದು ಕಾನೂನು ತಂದು, ಕೈ ಬದಲಾಗುವಾಗ ಓಡಿದ ಮೈಲಿಯನ್ನು ಒಡೆತನದ ಪತ್ರದಲ್ಲಿಯೇ ಬರೆಯಬೇಕೆಂದು ವಿಧಿಸಿತು. ಆದರೂ ವರ್ಷಕ್ಕೆ ಸುಮಾರು 4,50,000 ವಾಹನಗಳು ಸುಳ್ಳು ಮೈಲಿಯೊಡನೆ ಮಾರಾಟವಾಗುತ್ತವೆಂದು ಅಲ್ಲಿಯ ಹೆದ್ದಾರಿ ಸುರಕ್ಷತಾ ಇಲಾಖೆಯೇ ಅಂದಾಜು ಮಾಡಿದೆ. ಗಾಲಿಗಳ ಕಾಲ ಹೋಗಿ ವಿದ್ಯುನ್ಮಾನ ಅಂಕಿಗಳು ಬಂದರೆ ಈ ಮೋಸ ನಿಲ್ಲುವುದೆಂದು ಕೆಲವರು ಎಣಿಸಿದ್ದರು. ಈಗ ಸಣ್ಣ ಉಪಕರಣವೊಂದನ್ನು ಜೋಡಿಸಿ ಕೈಗೆ ಮಸಿ ಹತ್ತದಂತೆ ಅದೇ ಕೆಲಸ ಮಾಡುತ್ತಾರೆ. ಅನುಭವಿಗಳು ಆ ಅಂಕಿಯನ್ನು ನೋಡುವ ಮೊದಲು ಕ್ಲಚ್ ಪೆಡಲಿನ ರಬ್ಬರು ಎಷ್ಟು ಸವೆದಿದೆ, ಸ್ಟೀರಿಂಗಿನ ಚರ್ಮ ಎಷ್ಟು ನುಣುಪಾಗಿದೆ, ಆಸನದ ಅಂಚು ಎಷ್ಟು ಕುಸಿದಿದೆ ಎಂದು ನೋಡುತ್ತಾರೆ.

ಅಚೌರ್ಯ ಅಣುವ್ರತದ ಐದು ಅತಿಚಾರಗಳನ್ನು ಬಲ್ಲವರಿಗೆ ಇಲ್ಲಿ ವಿವರಣೆಯ ಅಗತ್ಯವಿಲ್ಲ. ಅಳತೆ ತೂಕಗಳನ್ನು ಹೆಚ್ಚು ಕಡಿಮೆ ಮಾಡುವ ಹೀನಾಧಿಕಮಾನೋನ್ಮಾನವನ್ನೂ, ಒಂದರ ಸ್ಥಾನದಲ್ಲಿ ಅದರಂತೆಯೇ ತೋರುವ ಮತ್ತೊಂದನ್ನು ಕೊಡುವ ಪ್ರತಿರೂಪಕ ವ್ಯವಹಾರವನ್ನೂ ಆಚಾರ್ಯರು ಸುಳ್ಳಿನ ಪಟ್ಟಿಯಲ್ಲಿ ಇಡದೆ ಕಳವಿನ ಪಟ್ಟಿಯಲ್ಲಿ ಇಟ್ಟಿದ್ದಾರೆ. ಇದು ಸೂಕ್ಷ್ಮವಾದ ವಿಚಾರ. ಓಡೋಮೀಟರ್ ತಿದ್ದುವವನು ಬಾಯಿ ತೆರೆದು ಒಂದು ಸುಳ್ಳನ್ನೂ ಆಡದೆ ಇರಬಹುದು. ಸುಳ್ಳಾಡುವ ಕೆಲಸವನ್ನು ಅಳತೆಯ ಸಾಧನಕ್ಕೆ ಒಪ್ಪಿಸಿ ತಾನು ಸುಮ್ಮನೆ ನಿಲ್ಲುತ್ತಾನೆ. ಸೇರು ಚಿಕ್ಕದಾಗಿದ್ದರೆ ಅಕ್ಕಿ ಅಳೆಯುವವನ ನಾಲಿಗೆ ಶುದ್ಧವಾಗಿದ್ದು ಏನು ಪ್ರಯೋಜನ?

ಆದರೆ ಅಂಕಿ ತಿದ್ದುವುದು ತಪ್ಪೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಕಷ್ಟವಿರುವುದು ಮೌನದಲ್ಲಿ. ಮಾರುವವನು ಏನನ್ನೂ ತಿದ್ದಿಲ್ಲ, ಏನನ್ನೂ ಸುಳ್ಳಾಗಿ ಹೇಳಿಲ್ಲ. ತನ್ನ ಕಾರಿನ ತೊಲೆ ಒಳಗೆ ತುಕ್ಕು ಹಿಡಿದಿದೆಯೆಂದು ಅವನಿಗೆ ಗೊತ್ತು. ಕೊಳ್ಳುವವನು ಕೇಳಲಿಲ್ಲ, ಇವನು ಹೇಳಲಿಲ್ಲ. ಅವನು ತಪ್ಪು ಮಾಡಿದನೇ?

ಇದು ಪ್ರಾಚೀನ ಕಾಲದಿಂದ ಬಂದ ವಿವಾದ. ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಮನೆಯೊಂದರ ವಿಕ್ರಯದ ಉದಾಹರಣೆಯನ್ನು ಎತ್ತಿಕೊಳ್ಳುತ್ತಾನೆ. ಮನೆಯ ಮರಮುಟ್ಟು ಕೆಟ್ಟಿದೆ, ಕೋಣೆಗಳಲ್ಲಿ ಹುಳಹುಪ್ಪಟೆಗಳಿವೆ. ಒಡೆಯನ ಹೊರತು ಯಾರಿಗೂ ತಿಳಿಯದು. ಬ್ಯಾಬಿಲೋನಿನ ಡಯೋಜಿನಿಸ್ ಎಂಬ ತತ್ತ್ವಜ್ಞಾನಿಯ ಮತದಲ್ಲಿ, ಕಾನೂನು ಹೇಳೆಂದಷ್ಟನ್ನು ಹೇಳಿದರೆ ಸಾಕು. ಮಿಕ್ಕದ್ದನ್ನು ಹೇಳದಿರುವುದು ಮರೆಮಾಚುವುದಲ್ಲ. ಅವನ ಶಿಷ್ಯನೇ ಆದ ಆಂಟಿಪೇಟರನ ಮತದಲ್ಲಿ, ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದು ತಪ್ಪಾದರೆ, ಲಾಭಕ್ಕಾಗಿ ಒಬ್ಬನನ್ನು ತಪ್ಪು ದಾರಿಗೆ ನಡೆಯಗೊಡುವುದು ಅದಕ್ಕಿಂತ ದೊಡ್ಡ ತಪ್ಪು. ಗುರುಶಿಷ್ಯರ ಈ ವಾದವನ್ನು ಕೇಳಿ ಸಿಸೆರೋ ಶಿಷ್ಯನ ಪಕ್ಷವನ್ನೇ ಹಿಡಿಯುತ್ತಾನೆ.

ಡಯೋಜಿನಿಸನ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಪೇಟೆಯಲ್ಲಿ ಕುಳಿತವರು ದಿನವೂ ಅದನ್ನೇ ಆಡುತ್ತಾರೆ. ಕೊಳ್ಳುವವನು ಮಗುವಲ್ಲ. ಅವನಿಗೆ ಕಣ್ಣಿದೆ, ಮೆಕ್ಯಾನಿಕ್ಕನ್ನು ಕರೆತರುವ ಸ್ವಾತಂತ್ರ್ಯವಿದೆ. ಹಳೆಯ ಕಾರೆಂದು ತಿಳಿದೇ ಬಂದಿದ್ದಾನೆ, ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಳಿಸಿದ್ದಾನೆ. ಮಾರುವವನು ತನ್ನ ಸರಕಿನ ಕುಂದುಗಳನ್ನೆಲ್ಲ ಎಣಿಸುತ್ತ ಕುಳಿತರೆ ಅಂಗಡಿ ಮುಚ್ಚಬೇಕಾದೀತು. ಅಲ್ಲದೆ ಕುಂದು ಎಂಬುದಕ್ಕೆ ಮಿತಿ ಎಲ್ಲಿ? ಒಬ್ಬನಿಗೆ ಹಳತನದ ಸೊಬಗಾಗಿ ಕಾಣುವುದು ಇನ್ನೊಬ್ಬನಿಗೆ ದೋಷ.

ಈ ವಾದದಲ್ಲಿ ಅರ್ಧ ಸತ್ಯವಿದೆ. ಕಣ್ಣಿಗೆ ಕಾಣುವುದನ್ನು ಹೇಳಲೇಬೇಕೆಂಬ ಕಟ್ಟುಪಾಡು ಇರಲಾರದು. ಹೊದಿಕೆ ಹರಿದಿದ್ದರೆ, ಕಿಟಕಿ ಮಸುಕಾಗಿದ್ದರೆ, ಬಾಗಿಲಿಗೆ ಪೆಟ್ಟು ಬಿದ್ದಿದ್ದರೆ ಅದನ್ನು ಸೂರ್ಯನ ಬೆಳಕೇ ಹೇಳುತ್ತದೆ. ಮಾರುವವನಿಗೂ ತಿಳಿಯದ ದೋಷವನ್ನು ಹೇಳಲಿಲ್ಲವೆಂದು ಅವನನ್ನು ದೂರುವುದೂ ಅನ್ಯಾಯ. ಉಳಿಯುವುದು ಮೂರನೆಯ ಬಗೆ: ಮಾರುವವನಿಗೆ ತಿಳಿದಿದೆ, ಸಾಮಾನ್ಯ ಪರೀಕ್ಷೆಯಿಂದ ಕೊಳ್ಳುವವನಿಗೆ ತಿಳಿಯಲಾರದು, ತಿಳಿದಿದ್ದರೆ ಅವನು ಆ ಬೆಲೆಗೆ ಕೊಳ್ಳುತ್ತಿರಲಿಲ್ಲ. ಈ ಮೂರೂ ಒಂದೆಡೆ ಸೇರಿದಾಗ ಮೌನಕ್ಕೆ ಬೆಲೆ ಬರುತ್ತದೆ. ಮಾರುವವನ ಜೇಬಿಗೆ ಬಂದ ಹೆಚ್ಚಿನ ಹಣ ಕಾರಿನದಲ್ಲ, ಆ ಮೌನದ್ದು. ಉಬ್ಬಿದ ಗುಳ್ಳೆಯನ್ನು ಉಜ್ಜಿ, ಪುಟ್ಟಿ ತುಂಬಿ, ಮೇಲೆ ಹೊಸ ಬಣ್ಣ ಬಳಿದರಂತೂ ಅದನ್ನು ಮೌನವೆನ್ನುವುದೂ ತಪ್ಪು. ಬಣ್ಣವೇ ಮಾತಾಡಿಯಾಯಿತು.

ಪ್ರಮತ್ತಯೋಗವೇ ಪಾಪದ ಮೂಲವೆಂಬ ಸಿದ್ಧಾಂತ ಇಲ್ಲಿ ದಾರಿ ತೋರುತ್ತದೆ. ಆಡಿದ ಮಾತು ಸತ್ಯವೋ ಅಸತ್ಯವೋ ಎಂದು ತೂಗುವುದಕ್ಕೆ ಮೊದಲು ಆ ಮಾತನ್ನು, ಅಥವಾ ಮಾತಿಲ್ಲದಿರುವಿಕೆಯನ್ನು, ಹುಟ್ಟಿಸಿದ ಕಷಾಯ ಯಾವುದೆಂದು ನೋಡಬೇಕಾಗುತ್ತದೆ. ಪರರ ನೋವನ್ನು ತಪ್ಪಿಸಲು ಮೌನವಾಗಿರುವವನೂ, ಲೋಭದಿಂದ ಮೌನವಾಗಿರುವವನೂ ಹೊರಗಿನಿಂದ ಒಂದೇ ರೀತಿ ಕಾಣುತ್ತಾರೆ. ಒಳಗೆ ಒಬ್ಬನದು ಗುಪ್ತಿ, ಇನ್ನೊಬ್ಬನದು ಮಾಯೆ.

ಈ ಮೌನದಿಂದ ಕೆಡುವುದು ಕೊಳ್ಳುವವನೊಬ್ಬನೇ ಎಂದು ತಿಳಿಯಬಾರದು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧವೊಂದು ಈ ಸಂಗತಿಯನ್ನು ಲೆಕ್ಕ ಹಾಕಿ ತೋರಿಸಿತು. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ನಿಂಬೆಹಣ್ಣು ಎಂದು ಹೆಸರು. (ಕರ್ನಾಟಕದಲ್ಲಿ ಹೊಸ ವಾಹನದ ಚಕ್ರದಡಿ ನಿಂಬೆಹಣ್ಣಿಟ್ಟು ಮುಂದೆ ಓಡಿಸುವವರಿಗೆ ಇದು ವಿಚಿತ್ರವೆನಿಸೀತು.) ಒಳ್ಳೆಯ ಕಾರಿನ ಯೋಗ್ಯ ಬೆಲೆ 8,000 ಡಾಲರು, ಒಳಗೆ ಕೊಳೆತ ಕಾರಿನದು 4,000 ಡಾಲರು ಎಂದಿಟ್ಟುಕೊಂಡರೆ, ಎರಡನ್ನೂ ಪ್ರತ್ಯೇಕಿಸಲು ಬಾರದ ಗಿರಾಕಿ 6,000ಕ್ಕಿಂತ ಹೆಚ್ಚು ಕೊಡಲಾರ. ಆ ಬೆಲೆಗೆ ತನ್ನ ಒಳ್ಳೆಯ ಕಾರನ್ನು ಬಿಟ್ಟುಕೊಡಲು ಪ್ರಾಮಾಣಿಕನು ಒಪ್ಪದೆ ಮನೆಯಲ್ಲಿಯೇ ಇಟ್ಟುಕೊಳ್ಳುತ್ತಾನೆ. ಪೇಟೆಯಲ್ಲಿ ಕೆಟ್ಟವೇ ಹೆಚ್ಚು ಉಳಿಯುತ್ತವೆ. ಅದನ್ನು ಊಹಿಸಿದ ಗಿರಾಕಿ ಇನ್ನೂ ಕಡಿಮೆ ಕೇಳುತ್ತಾನೆ. ಹೀಗೆ ಇಳಿಯುತ್ತ ಇಳಿಯುತ್ತ ಪೇಟೆಯೇ ನಿಂತುಹೋಗಬಹುದು. ಮೂರು ಪತ್ರಿಕೆಗಳು ತಿರಸ್ಕರಿಸಿದ್ದ ಈ ಪ್ರಬಂಧದ ಕರ್ತೃವಿಗೆ 2001ರಲ್ಲಿ ನೊಬೆಲ್ ಪ್ರಶಸ್ತಿ ಇನ್ನಿಬ್ಬರೊಡನೆ ಬಂದಿತು. ಅಪ್ರಾಮಾಣಿಕನು ತಾನು ಮೋಸಗೊಳಿಸಿದವನಿಗಲ್ಲದೆ, ಅವನು ಕಣ್ಣಿನಿಂದಲೂ ಕಾಣದ ಪ್ರಾಮಾಣಿಕ ಮಾರಾಟಗಾರನಿಗೂ ನಷ್ಟ ಮಾಡುತ್ತಾನೆಂಬುದು ಅದರ ತಾತ್ಪರ್ಯ. ದಿನಸಿ ಪೇಟೆಯಲ್ಲಿ ಕಲಬೆರಕೆಯ ಸರಕು ನುಗ್ಗಿದಾಗ ಒಳ್ಳೆಯ ಸರಕಿನವನು ಬಾಗಿಲು ಹಾಕಿಕೊಳ್ಳುವುದನ್ನು ಕಂಡವರು ಇದನ್ನು ನೊಬೆಲ್ ಪ್ರಶಸ್ತಿಗೆ ಮೊದಲೇ ಬಲ್ಲರು.

ಕೊಳ್ಳುವವನ ನಡತೆಯನ್ನೂ ಒಮ್ಮೆ ನೋಡಬೇಕು. ಚೌಕಾಶಿಗಾಗಿ ಇಲ್ಲದ ಸದ್ದನ್ನು ಕೇಳಿಸಿಕೊಂಡವನಂತೆ ಮುಖ ಗಂಟಿಕ್ಕುವವರುಂಟು. ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬಳು ಷೆಡ್ಡಿನಲ್ಲಿ ಬಿದ್ದಿರುವ ಕಾರನ್ನು ಅಗ್ಗವಾಗಿ ಮಾರಲು ಹೊರಟಾಗ, ಅದರೊಡನೆ ಇರುವ ಗಟ್ಟಿ ಹೊದಿಕೆಯೊಂದಕ್ಕೇ ಆಸಕ್ತರಲ್ಲಿ ಒಳ್ಳೆಯ ಬೆಲೆ ಬರುವುದೆಂದು ತಿಳಿದೂ ಸುಮ್ಮನಿರುವವನು, ತುಕ್ಕನ್ನು ಮುಚ್ಚಿಟ್ಟವನಿಗಿಂತ ಯಾವ ವಿಷಯದಲ್ಲಿ ಮೇಲು? ಪರಿಶ್ರಮದಿಂದ ಗಳಿಸಿದ ತಿಳಿವಳಿಕೆಗೆ ಲಾಭ ಸಲ್ಲಬೇಕೆಂಬುದು ನಿಜ. ಅಸಹಾಯಕರ ಅಜ್ಞಾನದಿಂದ ಆ ಲಾಭ ಬರಬೇಕಾಗಿಲ್ಲ. ಇಷ್ಟಲ್ಲದೆ ತೆರೆದ ಕಾರನ್ನು ಕಂಡೊಡನೆ ಮೋಹಕ್ಕೆ ಬಿದ್ದು, ಮೆಕ್ಯಾನಿಕ್ಕಿನ ಎಚ್ಚರಿಕೆ ಕಿವಿಗೆ ಬೀಳದಂತೆ ಮಾಡಿಕೊಳ್ಳುವ ಗಿರಾಕಿಯನ್ನು ಯಾವ ಮಾರಾಟಗಾರನೂ ಮೋಸಗೊಳಿಸಬೇಕಾಗಿಲ್ಲ. ಆ ಕೆಲಸವನ್ನು ಅವನೇ ಮುಗಿಸಿಕೊಂಡಿರುತ್ತಾನೆ.

ಕಾನೂನು ಈ ಮೌನವನ್ನು ಮುರಿಯಬಲ್ಲದೇ? ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1981ರಲ್ಲಿ ಒಂದು ನಿಯಮ ಮಾಡಿತು. ಹಳೆಯ ಕಾರುಗಳ ವ್ಯಾಪಾರಿಯು ತನಗೆ ತಿಳಿದಿರುವ ಮುಖ್ಯ ದೋಷಗಳನ್ನು ಕಾರಿನ ಕಿಟಕಿಗೆ ಅಂಟಿಸಿದ ಚೀಟಿಯಲ್ಲಿ ಬರೆಯಬೇಕೆಂಬುದು ಅದರ ಸಾರ. ಹುಡುಕಿ ತೆಗೆಯಬೇಕೆಂದಲ್ಲ, ತಿಳಿದಿದ್ದರೆ ಹೇಳಬೇಕೆಂದು ಮಾತ್ರ. ವ್ಯಾಪಾರಿಗಳ ಸಂಘಟನೆ ಇದನ್ನು ತೀವ್ರವಾಗಿ ವಿರೋಧಿಸಿತು. 1982ರಲ್ಲಿ ಸಂಸತ್ತಿನ ಎರಡೂ ಸದನಗಳು ದೊಡ್ಡ ಬಹುಮತದಿಂದ ನಿಯಮವನ್ನು ತಳ್ಳಿಹಾಕಿದವು. ಹಾಗೆ ತಳ್ಳಿಹಾಕುವ ಅಧಿಕಾರವೇ ಸಂವಿಧಾನಬಾಹಿರವೆಂದು ಮರುವರ್ಷ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಗೆದ್ದ ಕಮಿಷನ್ ಆ ಮೇಲೆ ತಾನೇ ಹಿಂದೆ ಸರಿದು, 1984ರ ಅಂತಿಮ ನಿಯಮದಲ್ಲಿ ತಿಳಿದ ದೋಷವನ್ನು ಹೇಳಬೇಕೆಂಬ ವಾಕ್ಯವನ್ನು ಕೈಬಿಟ್ಟಿತು. 1985ರಿಂದ ಅಲ್ಲಿಯ ಹಳೆಯ ಕಾರುಗಳ ಕಿಟಕಿಯಲ್ಲಿ ಒಂದು ಚೀಟಿ ಇರುತ್ತದೆ: ವಾರಂಟಿ ಇದೆಯೋ, ಇಲ್ಲವೇ ಇದ್ದ ಸ್ಥಿತಿಯಲ್ಲಿಯೇ ಮಾರಾಟವೋ ಎಂದು ಅದು ತಿಳಿಸುತ್ತದೆ; ಮೆಕ್ಯಾನಿಕ್ಕಿನಿಂದ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಲು ಸೂಚಿಸುತ್ತದೆ. 2016ರಲ್ಲಿ ತಿದ್ದುಪಡಿಯಾದಾಗ ವಾಹನದ ಹಿಂದಿನ ಚರಿತ್ರೆಯ ವರದಿಯನ್ನು ತರಿಸಿ ನೋಡಿ ಎಂಬ ಸಲಹೆಯೂ ಸೇರಿತು. ವ್ಯಾಪಾರಿಗೆ ಏನು ತಿಳಿದಿದೆ ಎಂಬ ಅಂಕಣ ಇಂದಿಗೂ ಅದರಲ್ಲಿ ಇಲ್ಲ. ತಮ್ಮ ಸ್ವಂತ ಕಾರನ್ನು ಮಾರುವ ಖಾಸಗಿ ವ್ಯಕ್ತಿಗಳಿಗಂತೂ ಈ ಚೀಟಿಯೇ ಅನ್ವಯಿಸುವುದಿಲ್ಲ. ಮೂವತ್ತು ವರ್ಷ ಹಳೆಯ ತೆರೆದ ಕಾರುಗಳು ಎಷ್ಟೋ ಸಲ ಕೈ ಬದಲಿಸುವುದು ಅಂಥವರ ನಡುವೆಯೇ.

ಇಂಗ್ಲೆಂಡಿನಲ್ಲಿ ಬೇರೊಂದು ದಾರಿ ಹಿಡಿದಿದ್ದಾರೆ. ಮೂರು ವರ್ಷ ಮೀರಿದ ಕಾರಿಗೆ ಅಲ್ಲಿ ಪ್ರತಿವರ್ಷ ಪರೀಕ್ಷೆ ಉಂಟು. ಅಂದಿನ ಮೈಲಿ ಎಷ್ಟು, ಯಾವ ಕಾರಣಕ್ಕೆ ಅನುತ್ತೀರ್ಣವಾಯಿತು, ತೊಲೆಯಲ್ಲಿ ತುಕ್ಕು ಕಂಡಿತೇ ಎಂಬ ದಾಖಲೆಯನ್ನು ಕಾರಿನ ಸಂಖ್ಯೆ ಬಲ್ಲ ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಮಾರುವವನ ನಾಲಿಗೆಯನ್ನು ಕಾಯುವ ಗೋಜಿಗೆ ಹೋಗದೆ ಕಾರಿಗೇ ನೆನಪನ್ನು ಕೊಟ್ಟಂತಾಯಿತು. ವ್ಯವಸ್ಥೆ ಒಳ್ಳೆಯದೇ. ಪರೀಕ್ಷೆಯ ಮರುದಿನ ಮಾಲೀಕನಿಗೆ ತಿಳಿದುಬಂದ ದೋಷ ಮಾತ್ರ ಮುಂದಿನ ಪರೀಕ್ಷೆಯವರೆಗೆ ಅವನೊಬ್ಬನದೇ.

ಅಮೆರಿಕದಲ್ಲಿಯೂ ವಿಸ್ಕಾನ್ಸಿನ್ ಮತ್ತು ಮೇಯ್ನ್ ಎಂಬ ಎರಡು ರಾಜ್ಯಗಳು ಕೇಂದ್ರದ ಚೀಟಿಯನ್ನು ಬಿಟ್ಟು ತಮ್ಮದೇ ಚೀಟಿಯನ್ನು ಇಟ್ಟುಕೊಂಡಿವೆ. ವಿಸ್ಕಾನ್ಸಿನ್ನಿನ ವ್ಯಾಪಾರಿ ಕಾರನ್ನು ಮಾರಾಟಕ್ಕೆ ನಿಲ್ಲಿಸುವ ಮೊದಲು ತಾನೇ ಪರೀಕ್ಷಿಸಿ, ಕಂಡ ದೋಷಗಳನ್ನೂ ತನಗೆ ತಿಳಿದ ದೋಷಗಳನ್ನೂ ಆ ಚೀಟಿಯಲ್ಲಿ ಗುರುತು ಮಾಡಬೇಕು. ಉಪ್ಪು ಸುರಿದ ರಸ್ತೆಗಳಲ್ಲಿ ಓಡಿ ತುಕ್ಕು ಹಿಡಿದ ಕಾರುಗಳು ಹೇರಳವಾಗಿರುವ ರಾಜ್ಯ ಅದು. ಅಲ್ಲಿಯ ವ್ಯಾಪಾರಿಗಳು ಅಂಗಡಿ ಮುಚ್ಚಲಿಲ್ಲ. ಕುಂದುಗಳ ಪಟ್ಟಿಯನ್ನು ಕಿಟಕಿಗೆ ಅಂಟಿಸಿಕೊಂಡೇ ಹಳೆಯ ಕಾರುಗಳು ಇಂದಿಗೂ ಅಲ್ಲಿ ಮಾರಾಟವಾಗುತ್ತಿವೆ.